ತಿಗುರಿಗಿಂತ ಮೊದಲು ಮಣ್ಣು

ಪ್ರಶ್ನೆ: ನಾನು ಮಂಡ್ಯದಲ್ಲಿ ಶಾಲಾ ಶಿಕ್ಷಕಿ. ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಮಣ್ಣಿನ ಪಾತ್ರೆ ಮಾಡುವ ಹವ್ಯಾಸ ಬೆಳೆಸಿಕೊಳ್ಳಬೇಕೆಂದು ನಮ್ಮೂರಿನ ಕೆರೆಯಿಂದ ಒಂದು ಚೀಲ ಕಪ್ಪು ಮಣ್ಣು ತರಿಸಿ, ಕೈಯಿಂದಲೇ ಕೆಲವು ಬಟ್ಟಲು, ಕುಡಿಕೆಗಳನ್ನು ಮಾಡಿದೆ. ತಾರಸಿಯ ಬಿಸಿಲಿನಲ್ಲಿ ಒಣಗಲು ಇಟ್ಟಾಗ ಹೆಚ್ಚಿನವು ಅಂಚಿನಲ್ಲಿಯೂ ತಳದಲ್ಲಿಯೂ ಸೀಳಿದವು. ಉಳಿದ ಎರಡನ್ನು ಗ್ಯಾಸ್ ಒಲೆಯ ಮೇಲಿಟ್ಟು ಸುಡಲು ನೋಡಿದೆ. ಒಂದು ಸಿಡಿದು ಚೂರಾಯಿತು, ಇನ್ನೊಂದು ನೀರು ತುಂಬಿಟ್ಟ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಕುಸಿಯಿತು. ಕುಂಬಾರರ ತಿಗುರಿಯಂತಹ ವಿದ್ಯುತ್ ಚಕ್ರ ಕೊಂಡರೆ ಸರಿಹೋದೀತೇ? ತಾರಸಿಯ ಮೇಲೆಯೇ ಬೆರಣಿ ಒಟ್ಟಿ ಸುಡಬಹುದೇ? ಸರಿಯಾಗಿ ಬಂದರೆ ಅಂತಹ ಕುಡಿಕೆಯಲ್ಲಿ ಮೊಸರಿಗೆ ಹೆಪ್ಪು ಹಾಕಬಹುದೇ?

ಉತ್ತರ: ಚಕ್ರ ಕೊಳ್ಳಬೇಡಿ, ಕನಿಷ್ಠ ಈ ವರ್ಷ ಬೇಡ. ನೀವು ಬರೆದಿರುವ ತೊಂದರೆಗಳಲ್ಲಿ ಒಂದಾದರೂ ಚಕ್ರ ಇಲ್ಲದ್ದರಿಂದ ಆದದ್ದಲ್ಲ. ಸೀಳಿದ್ದು ಮಣ್ಣಿನ ಗುಣದಿಂದ ಮತ್ತು ಒಣಗಿಸಿದ ಬಗೆಯಿಂದ, ಸಿಡಿದದ್ದು ಒಳಗೆ ಉಳಿದಿದ್ದ ನೀರಿನಿಂದ, ಕುಸಿದದ್ದು ಬೇಯದೆ ಉಳಿದ ಮಣ್ಣಿನಿಂದ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಚಕ್ರ ತಂದರೂ ಇದೇ ಮಣ್ಣು, ಇದೇ ಬಿಸಿಲು, ಇದೇ ಒಲೆಯಾದರೆ ಫಲವೂ ಇದೇ ಆಗುತ್ತದೆ. ಚಕ್ರದ ಮೇಲೆ ಮಣ್ಣನ್ನು ನಡುವಿಗೆ ನಿಲ್ಲಿಸಲು ಕಲಿಯುವುದಕ್ಕೇ ತಿಂಗಳುಗಳು ಬೇಕಾಗುವುದರಿಂದ ನಿರಾಸೆ ಇನ್ನೂ ಬೇಗ ಬಂದೀತು. ಕೈಯಿಂದ ಮಾಡಿದ ಮಡಕೆ ಕೀಳು ಎಂಬ ಭಾವನೆ ನಿಮಗಿದ್ದರೆ ಅದನ್ನೂ ಬಿಡಿ. ನಿಮ್ಮಿಂದ ಹೆಚ್ಚು ದೂರವಿಲ್ಲದ ತಿರುಮಕೂಡಲು ನರಸೀಪುರದ ಬಳಿ ನಡೆದ ಉತ್ಖನನದಲ್ಲಿ ನವಶಿಲಾಯುಗದ ಜನರ ಬೂದುಬಣ್ಣದ ಮಣ್ಣಿನ ಪಾತ್ರೆಗಳು ಸಿಕ್ಕಿವೆ. ಆ ಕಾಲದ ನಮ್ಮ ನಾಡಿನ ಇಂತಹ ಪಾತ್ರೆಗಳಲ್ಲಿ ಬಹುಪಾಲು ಕೈಯಿಂದ ರೂಪಿಸಿ, ಮೈಯನ್ನು ಕಲ್ಲಿನಿಂದ ಉಜ್ಜಿ ನುಣುಪಾಗಿಸಿದವು. ನೀವು ಹಿಡಿದಿರುವ ದಾರಿ ಹೊಸದೇನೂ ಅಲ್ಲ.

ಈಗ ಮಣ್ಣಿನ ವಿಷಯಕ್ಕೆ ಬರೋಣ. ಈ ಉತ್ತರದಲ್ಲಿ ಹೆಚ್ಚು ಜಾಗ ಇದಕ್ಕೇ ಸಲ್ಲಬೇಕು. ನಮ್ಮ ಮಂಡ್ಯ, ಮೈಸೂರು ಸೀಮೆಯ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಮಣ್ಣು. ಮಳೆಯ ನೀರು ಅದರ ಅತಿ ನುಣುಪಾದ ಕಣಗಳನ್ನು ಹೊತ್ತು ತಂದು ಕೆರೆಯ ತಳದಲ್ಲಿ ನಿಲ್ಲಿಸುತ್ತದೆ, ಕೊಳೆತ ಎಲೆ ಹುಲ್ಲುಗಳ ಅಂಶ ಸೇರಿ ಆ ಗೋಡು ಕಪ್ಪಾಗುತ್ತದೆ. ಕೆರೆಗೋಡು ಕೈಗೆ ಬೆಣ್ಣೆಯಂತೆ ಬಗ್ಗುವುದು ಈ ನುಣುಪಿನಿಂದಲೇ. ಆದರೆ ಕಣ ಎಷ್ಟು ಸಣ್ಣದೋ ಅದು ಹಿಡಿದಿಡುವ ನೀರು ಅಷ್ಟು ಹೆಚ್ಚು, ನೀರು ಹೋದಾಗ ಕುಗ್ಗುವುದೂ ಅಷ್ಟೇ ಹೆಚ್ಚು. ಕಪ್ಪು ಮಣ್ಣಿನಲ್ಲಿ ನೀರು ಕುಡಿದು ಉಬ್ಬುವ ಜಾತಿಯ ಜೇಡಿ ಇರುವುದುಂಟು; ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳ ಹೆಂಚು ಹೆಂಚಾಗಿ ಬಿರಿದಿರುವುದನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಬಟ್ಟಲುಗಳಿಗೆ ಆದದ್ದೂ ಅದೇ. ಆದ್ದರಿಂದ ಊರಿನ ಕುಂಬಾರರು ಒಂದೇ ಗುಂಡಿಯ ಮಣ್ಣನ್ನು ಹಾಗೆಯೇ ಬಳಸುವುದು ಅಪರೂಪ. ಅಂಟು ಹೆಚ್ಚಿರುವ ಮಣ್ಣಿಗೆ ಅಂಟು ಕಡಿಮೆ ಇರುವುದನ್ನೋ ಮರಳನ್ನೋ ಬೆರೆಸಿಯೇ ಹದಕ್ಕೆ ತರುತ್ತಾರೆ.

ಎಷ್ಟು ಬೆರೆಸಬೇಕು ಎಂಬುದನ್ನು ಪುಸ್ತಕ ಹೇಳಲಾರದು, ನಿಮ್ಮ ಮಣ್ಣೇ ಹೇಳಬೇಕು. ಅದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಹದವಾಗಿ ನಾದಿದ ಮಣ್ಣನ್ನು ಅಂಗೈ ಅಗಲದ, ಒಂದು ಸೆಂಟಿಮೀಟರ್ ದಪ್ಪದ ಪಟ್ಟಿಯಾಗಿ ತಟ್ಟಿ, ಅದರ ಮೇಲೆ ಚಾಕುವಿನಿಂದ ಸರಿಯಾಗಿ 10 ಸೆಂಟಿಮೀಟರ್ ಉದ್ದದ ಗೆರೆ ಎಳೆದು ನೆರಳಿನಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಗೆರೆ 9.4 ಸೆಂಟಿಮೀಟರ್ ಇದ್ದರೆ ಮಣ್ಣು ಶೇ. 6ರಷ್ಟು ಕುಗ್ಗಿದೆ ಎಂದರ್ಥ, ಅದು ಒಳ್ಳೆಯ ಮಣ್ಣು. 9ಕ್ಕೆ ಇಳಿದಿದ್ದರೆ ಅಥವಾ ಪಟ್ಟಿ ಬಿಲ್ಲಿನಂತೆ ಬಾಗಿದ್ದರೆ ಆ ಮಣ್ಣಿನಿಂದ ಬಟ್ಟಲು ಮಾಡುವ ಸಾಹಸ ಬೇಡ. ಹತ್ತು ಪಾಲು ಮಣ್ಣಿಗೆ ಒಂದು ಪಾಲು, ಎರಡು ಪಾಲು, ಮೂರು ಪಾಲು ಎಂದು ಬೇರೆ ಬೇರೆ ಪ್ರಮಾಣದಲ್ಲಿ ಬೆರಕೆ ಹಾಕಿದ ಪಟ್ಟಿಗಳನ್ನು ಮಾಡಿ, ಹಿಂಬದಿಯಲ್ಲಿ ಪ್ರಮಾಣವನ್ನು ಗೀಚಿಟ್ಟು ಹೋಲಿಸಿ ನೋಡಿ. ಬೆರಕೆ ಹೆಚ್ಚಾದರೂ ಕಷ್ಟವೇ. ಪೆನ್ಸಿಲ್ ದಪ್ಪಕ್ಕೆ ಹೊಸೆದ ಮಣ್ಣಿನ ಬತ್ತಿಯನ್ನು ತೋರುಬೆರಳಿಗೆ ಸುತ್ತಿದಾಗ ಅದು ಬಿರಿದು ತುಂಡಾದರೆ ಅಂಟು ಸಾಲದು ಎಂದು ತಿಳಿಯಿರಿ. ಈ ಎರಡು ಪರೀಕ್ಷೆಗಳ ನಡುವೆ ಎಲ್ಲಿಯೋ ನಿಮ್ಮ ಹದ ಇರುತ್ತದೆ.

ಬೆರಕೆಗೆ ನನ್ನ ಆಯ್ಕೆ ಮರಳಲ್ಲ, ಸುಟ್ಟ ಮಣ್ಣಿನ ಪುಡಿ. ಒಡೆದ ಮಡಕೆ, ನಾಡಹೆಂಚು ಅಥವಾ ಇಟ್ಟಿಗೆಯನ್ನು ಒದ್ದೆ ಮಾಡಿ ಕುಟ್ಟಿ, ರವೆಯಷ್ಟು ಸಣ್ಣದಾಗಿ ಜರಡಿ ಹಿಡಿದ ಪುಡಿಯನ್ನು ಸ್ಟುಡಿಯೊಗಳಲ್ಲಿ ‘ಗ್ರಾಗ್’ ಎನ್ನುತ್ತಾರೆ. ಈಗಾಗಲೇ ಒಮ್ಮೆ ಬೆಂದು ಕುಗ್ಗಿರುವ ಈ ಪುಡಿ ಮತ್ತೆ ಕುಗ್ಗುವುದಿಲ್ಲ, ಒಳಗಿನ ತೇವ ಹೊರಬರಲು ದಾರಿಯನ್ನೂ ಬಿಡುತ್ತದೆ. ಮರಳಿನಲ್ಲಿರುವ ಬೆಣಚು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಲೇ ಹಿಗ್ಗುವ, ತಣಿಯುವಾಗ ಅದೇ ಉಷ್ಣತೆಯಲ್ಲಿ ಒಮ್ಮೆಲೇ ಕುಗ್ಗುವ ಗುಣವುಳ್ಳದ್ದು. ಸಣ್ಣ ಮರಳು ಮಿತವಾಗಿದ್ದರೆ ತೊಂದರೆಯಿಲ್ಲ, ದಪ್ಪ ಮರಳು ಬೇಡ. ಕಟ್ಟಡ ಕೆಲಸದ ಜಾಗದಿಂದ ತಂದ ಮರಳಂತೂ ಬೇಡವೇ ಬೇಡ, ಅದರಲ್ಲಿ ಸಿಮೆಂಟು ಸುಣ್ಣದ ಚೂರು ಸೇರಿರುತ್ತದೆ.

ಸುಣ್ಣದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ನಮ್ಮ ಕಡೆಯ ಮಣ್ಣಿನಲ್ಲಿ ಅಲ್ಲಲ್ಲಿ ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ. ಒಂದು ಸಾಸಿವೆ ಗಾತ್ರದ ಹರಳು ಪಾತ್ರೆಯ ಗೋಡೆಯಲ್ಲಿ ಉಳಿದರೂ ಸಾಕು, ಬೆಂಕಿಯಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ, ಆಮೇಲೆ ಗಾಳಿಯ ತೇವವನ್ನು ಹೀರಿ ಉಬ್ಬಿ, ಚೆನ್ನಾಗಿ ಬೆಂದು ಬಂದ ಪಾತ್ರೆಯ ಮೈಯಿಂದ ಕೆಲವು ದಿನಗಳ ನಂತರ ಬಿಲ್ಲೆಯಷ್ಟಗಲದ ಚಕ್ಕೆಯನ್ನು ಎಬ್ಬಿಸಿ ಬೀಳಿಸುತ್ತದೆ. ಚಕ್ಕೆ ಎದ್ದ ಕುಳಿಯ ನಡುವೆ ಒಂದು ಬಿಳಿಯ ಚುಕ್ಕೆ ಕಂಡರೆ ಕಾರಣ ಇದೇ. ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ ನೋಡಿ, ನೊರೆ ಎದ್ದರೆ ಸುಣ್ಣವಿದೆ. ಅಂತಹ ಮಣ್ಣನ್ನು ನುಣುಪಾಗಿ ಸೋಸಬೇಕು, ಇಲ್ಲವೇ ಬೇರೆ ಮಣ್ಣು ಹುಡುಕಬೇಕು.

ಸೋಸುವ ಕ್ರಮ ಹೀಗೆ. ಮಣ್ಣನ್ನು ಮೊದಲು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಹೆಂಟೆ ಒಡೆದು, ನೀರಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಿರಿ. ಹಸಿ ಹೆಂಟೆ ವಾರವಾದರೂ ಕರಗದೆ ಕುಳಿತಿರುತ್ತದೆ, ಗರಿಗರಿ ಒಣಗಿದ ಹೆಂಟೆ ಕೆಲವೇ ನಿಮಿಷಗಳಲ್ಲಿ ಬುರುಬುರು ಎಂದು ಪುಡಿಯಾಗಿ ಇಳಿಯುತ್ತದೆ. ಒಂದು ದಿನ ಬಿಟ್ಟು ಕದಡಿ, ದಪ್ಪ ಮರಳು ತಳ ಸೇರಲು ಒಂದೆರಡು ನಿಮಿಷ ತಡೆದು, ಮೇಲಿನ ಗಂಜಿಯನ್ನು ಹಿಟ್ಟಿನ ಜರಡಿಯಲ್ಲಿ ಇನ್ನೊಂದು ಬಕೆಟ್ಟಿಗೆ ಸೋಸಿ. ತಿಳಿನೀರನ್ನು ದಿನವೂ ಮೇಲಿನಿಂದ ಬಸಿಯುತ್ತಾ ಬಂದು, ದೋಸೆಹಿಟ್ಟಿನಷ್ಟು ಗಟ್ಟಿಯಾದಾಗ ಹಳೆಯ ಹತ್ತಿ ಪಂಚೆಯಲ್ಲಿ ಕಟ್ಟಿ ತೂಗುಹಾಕಿ, ಇಲ್ಲವೇ ಬಟ್ಟೆ ಹಾಸಿದ ಇಟ್ಟಿಗೆಗಳ ಮೇಲೆ ಹರಡಿ. ಕೈಗೆ ಅಂಟದಷ್ಟು ಗಟ್ಟಿಯಾದ ಮೇಲೆ ಅಳೆದಿಟ್ಟ ಬೆರಕೆಯನ್ನು ಚಿಮುಕಿಸುತ್ತಾ ನಾದಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೆರಡು ವಾರ ಮಾಗಲು ಬಿಡಿ. ಆಗ ಬರುವ ಕೆರೆಯ ವಾಸನೆಗೆ ಮನೆಯವರು ಗೊಣಗಿದರೂ ಎಸೆಯಬೇಡಿ, ಮಾಗಿದಷ್ಟೂ ಮಣ್ಣು ಚೆನ್ನಾಗಿ ಬಗ್ಗುತ್ತದೆ. ಅಂದಹಾಗೆ ಕೆರೆಯ ಮಣ್ಣನ್ನು ತೆಗೆಯುವ ಮುನ್ನ ಗ್ರಾಮ ಪಂಚಾಯಿತಿಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಗಣೇಶನ ಹಬ್ಬದ ಸಮಯದಲ್ಲಿ ಮೂರ್ತಿಗೆಂದು ಮಾರುವ ಮಣ್ಣನ್ನು ತಂದರೆ ಅದನ್ನೂ ಹೀಗೆಯೇ ಸೋಸಬೇಕು. ಸುಡುವ ಉದ್ದೇಶವಿಲ್ಲದ ಆ ಮಣ್ಣಿನಲ್ಲಿ ಹತ್ತಿ, ನಾರು ಬೆರೆತಿರಬಹುದು.

ರೂಪ ಕೊಡುವ ಕೆಲಸದಲ್ಲಿ ನಿಮ್ಮ ಕೈಗೆ ಆಗಲೇ ಸ್ವಲ್ಪ ಅಭ್ಯಾಸವಿರುವುದರಿಂದ ಚುಟುಕಾಗಿ ಹೇಳುತ್ತೇನೆ. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ತಿರುಗಿಸುತ್ತಾ ಬಟ್ಟಲು ಮಾಡುವುದರಿಂದ ಆರಂಭಿಸಿ, ಬತ್ತಿ ಸುತ್ತಿ ಕುಡಿಕೆ ಎತ್ತುವುದಕ್ಕೆ ಆಮೇಲೆ ಹೋಗಿ. ಗೋಡೆಯೂ ತಳವೂ ಒಂದೇ ದಪ್ಪ ಇರಲಿ, ಆರರಿಂದ ಎಂಟು ಮಿಲಿಮೀಟರ್ ಸಾಕು. ತಳವನ್ನು ದಪ್ಪವಾಗಿ ಬಿಟ್ಟು ಅಂಚನ್ನು ಮಾತ್ರ ತೆಳುವಾಗಿಸುವುದು ಹೊಸಬರ ಸಾಮಾನ್ಯ ಅಭ್ಯಾಸ, ನಿಮ್ಮ ಬಟ್ಟಲುಗಳ ತಳ ಸೀಳಿದ್ದಕ್ಕೆ ಅದೂ ಒಂದು ಕಾರಣವಿರಬಹುದು. ಬತ್ತಿಗಳನ್ನು ಒಂದರ ಮೇಲೊಂದು ಇಟ್ಟು ಹೊರಗೆ ಮಾತ್ರ ಸವರಿದರೆ ಒಳಗಿನ ಸಂದು ಹಾಗೆಯೇ ಉಳಿದು ಒಣಗುವಾಗ ಬಾಯಿಬಿಡುತ್ತದೆ. ಎರಡೂ ಬದಿಯಲ್ಲಿ ಮೇಲಿನ ಬತ್ತಿಯ ಮಣ್ಣನ್ನು ಕೆಳಗಿನದರ ಮೇಲೆ ಎಳೆದು ಬೆಸೆಯಬೇಕು. ಹಿಡಿ ಅಂಟಿಸುವಾಗ ಎರಡು ಮೈಗಳನ್ನೂ ಗೀರಿ, ಅದೇ ಮಣ್ಣಿನ ಗಂಜಿ ಹಚ್ಚಿ ಒತ್ತಬೇಕು. ಬರಿಯ ನೀರು ಹಚ್ಚಿ ಅಂಟಿಸಿದ ಹಿಡಿ ನಿಲ್ಲುವುದಿಲ್ಲ.

ಒಣಗಿಸುವುದರಲ್ಲಿ ಆತುರವೇ ಶತ್ರು. ತಾರಸಿಯ ಬಿಸಿಲಿನಲ್ಲಿ ಅಂಚು ಒಂದು ಗಂಟೆಯಲ್ಲಿ ಒಣಗಿ ಕುಗ್ಗುತ್ತದೆ, ತಳ ಇನ್ನೂ ಹಸಿಯಾಗಿ ಹಿಗ್ಗಿಯೇ ಇರುತ್ತದೆ, ನಡುವಿನ ಎಳೆದಾಟದಲ್ಲಿ ಪಾತ್ರೆ ಸೀಳುತ್ತದೆ. ಬಿಸಿಲಿಗಿಂತ ಗಾಳಿ ಇನ್ನೂ ಕಪಟಿ. ಮೈಸೂರು ಮಂಡ್ಯದ ಆಷಾಢದ ಗಾಳಿಗೆ ಕಿಟಕಿಯ ಬಳಿ ಇಟ್ಟ ಮಡಕೆ, ಮೋಡ ಕವಿದ ದಿನವೇ ಆಗಿದ್ದರೂ, ಗಾಳಿ ಬಡಿಯುವ ಬದಿಯಲ್ಲಿ ಮಾತ್ರ ಒಣಗಿ ಸೊಟ್ಟಗಾಗುತ್ತದೆ. ಮಾಡಿದ ದಿನ ಪಾತ್ರೆಯನ್ನು ಹಳೆಯ ದಿನಪತ್ರಿಕೆಯ ಮೇಲಿಟ್ಟು, ಅದು ಕುಗ್ಗುತ್ತಾ ಸರಾಗವಾಗಿ ಜಾರುವಂತೆ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಮುಚ್ಚಿ ಮನೆಯೊಳಗಿನ ಮೂಲೆಯಲ್ಲಿ ಇಡಿ. ಅಂಚು ಬೇಗ ಬೆಳ್ಳಗಾಗುತ್ತಿದ್ದರೆ ಅದರ ಸುತ್ತ ಮಾತ್ರ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ. ಎತ್ತಿದರೆ ಆಕಾರ ಕೆಡದಷ್ಟು ಗಟ್ಟಿಯಾಗಿ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಹಸಿಯಾಗಿ ಇರುವ ಹದಕ್ಕೆ ಬಂದಾಗ ಬೋರಲು ಹಾಕಿ ತಳಕ್ಕೂ ಗಾಳಿಯಾಡಿಸಿ. ಕೆಮ್ಮಣ್ಣಿನ ಗಂಜಿ ಬಳಿಯುವುದು, ನದಿಯ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುವುದು ಎಲ್ಲವೂ ಈ ಹದದಲ್ಲಿಯೇ ಆಗಬೇಕು. ಆಮೇಲೆ ನೆರಳಿನಲ್ಲಿ ಒಂದು ವಾರ, ಮಳೆಗಾಲವಾದರೆ ಎರಡು ವಾರ. ಒಣಗಿತೇ ಎಂದು ತಿಳಿಯಲು ಪಾತ್ರೆಯ ತಳವನ್ನು ಕೆನ್ನೆಗೆ ಒತ್ತಿ ಹಿಡಿಯಿರಿ: ತಣ್ಣಗೆನಿಸಿದರೆ ನೀರು ಇನ್ನೂ ಆರುತ್ತಿದೆ. ಬೆರಳಿಗೆ ತಿಳಿಯದ ತಂಪು ಕೆನ್ನೆಗೆ ತಿಳಿಯುತ್ತದೆ.

ಸುಡುವ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಮಣ್ಣಿನಲ್ಲಿ ಗಾಳಿಗುಳ್ಳೆ ಇದ್ದರೆ ಮಡಕೆ ಸಿಡಿಯುತ್ತದೆ ಎನ್ನುತ್ತಾರೆ. ಸಿಡಿಸುವುದು ಗಾಳಿಯಲ್ಲ, ನೀರು. ಆವಿಯಾದ ನೀರಿಗೆ ಮೊದಲಿಗಿಂತ ಸುಮಾರು 1,600 ಪಟ್ಟು ಜಾಗ ಬೇಕಾಗುತ್ತದೆ. ಗ್ಯಾಸ್ ಉರಿಯ ಮೇಲೆ ತಳ ಕ್ಷಣದಲ್ಲಿ ನೂರು ಡಿಗ್ರಿ ದಾಟಿದಾಗ, ಗೋಡೆಯೊಳಗಿನ ತೇವ ನಿಧಾನವಾಗಿ ಹೊರಬರಲು ಸಮಯ ಸಿಗದೆ ಗೋಡೆಯನ್ನೇ ಒಡೆದುಕೊಂಡು ಬರುತ್ತದೆ. ಮೇಲ್ನೋಟಕ್ಕೆ ಒಣಗಿದ ಮಣ್ಣಿನಲ್ಲಿಯೂ ಸ್ವಲ್ಪ ತೇವ ಇದ್ದೇ ಇರುತ್ತದೆ. ಅದಲ್ಲದೆ ಜೇಡಿಯ ಕಣಗಳ ರಚನೆಯಲ್ಲಿಯೇ ಸೇರಿಕೊಂಡ ನೀರೊಂದಿದೆ. ಅದು ಬಿಟ್ಟುಹೋಗುವುದು ಸುಮಾರು 450ರಿಂದ 600 ಡಿಗ್ರಿಯ ನಡುವೆ, ಆ ನೀರು ಹೋದ ಮೇಲೆಯೇ ಮಣ್ಣು ಮತ್ತೆಂದೂ ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ನಿಮ್ಮ ಎರಡನೇ ಬಟ್ಟಲು ಒಲೆಯ ಮೇಲೆ ಕಪ್ಪಾಗಿ ಬಿಸಿಯಾಗಿದ್ದರೂ ಆ ಮಟ್ಟ ಮುಟ್ಟಿರಲಿಲ್ಲ. ಕೇಕ್ ಬೇಯಿಸುವ ಓವನ್ ಸಾಮಾನ್ಯವಾಗಿ 250 ಡಿಗ್ರಿಗೆ ನಿಲ್ಲುವುದರಿಂದ ಅದರಲ್ಲಿಯೂ ಮಡಕೆ ಬೇಯುವುದಿಲ್ಲ. ಆದರೆ ಸುಡುವ ಹಿಂದಿನ ದಿನ 80–90 ಡಿಗ್ರಿಯಲ್ಲಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಮೂರು ನಾಲ್ಕು ಗಂಟೆ ಇಟ್ಟರೆ ಉಳಿದ ತೇವ ತೆಗೆಯಲು ಅದು ಒಳ್ಳೆಯ ಸಾಧನ. ಕುಂಬಾರರ ಕೆಂಪು ಮಡಕೆ ಬೇಯುವುದು ಸಾಧಾರಣವಾಗಿ 700ರಿಂದ 900 ಡಿಗ್ರಿಯಲ್ಲಿ.

ತಾರಸಿಯ ಮೇಲೆ ಬೆಂಕಿ ಖಂಡಿತ ಬೇಡ. ಅಂತಹ ಶಾಖಕ್ಕೆ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ, ಒಳಗಿನ ಕಬ್ಬಿಣದ ಬಲವೂ ಕುಂದುತ್ತದೆ. ಬೆರಣಿಯ ಹೊಗೆ ಅಕ್ಕಪಕ್ಕದ ಮನೆಗಳಿಗೆ ನುಗ್ಗುವುದು ಬೇರೆ. ನಿಮ್ಮಂತಹವರಿಗೆ ನಾನು ಮೊದಲು ಹೇಳುವ ದಾರಿ, ಆವಿಗೆ (ಮಡಕೆ ಸುಡುವ ಭಟ್ಟಿ) ಹೂಡುವ ಕುಂಬಾರರ ಪರಿಚಯ ಮಾಡಿಕೊಳ್ಳುವುದು. ಮಂಡ್ಯದ ಸುತ್ತಲಿನ ಹಳ್ಳಿಗಳಲ್ಲಿ ಈಗ ಮೊದಲಿನಷ್ಟು ಮನೆಗಳಲ್ಲಿ ಈ ಕಸುಬು ಉಳಿದಿಲ್ಲವಾದರೂ, ದೀಪಾವಳಿಗೆ ಮುಂಚೆ ಹಣತೆಗಾಗಿ, ಬೇಸಿಗೆಗೆ ಮುಂಚೆ ನೀರಿನ ಮಡಕೆಗಾಗಿ ಆವಿಗೆ ಹೂಡುವವರು ಇದ್ದಾರೆ. ಸಂತೆಯಲ್ಲಿ ಮಡಕೆ ಮಾರುವವರನ್ನು ಕೇಳಿದರೆ ಊರು ಹೇಳುತ್ತಾರೆ. ಅವರ ಆವಿಗೆಯಲ್ಲಿ ನಿಮ್ಮ ನಾಲ್ಕು ಕುಡಿಕೆಗೆ ಜಾಗ ಸಿಗುವುದು ಕಷ್ಟವಲ್ಲ. ಅದಕ್ಕೆ ತಕ್ಕ ಹಣ ಕೊಡಿ, ‘ಹೇಗೂ ಸುಡುತ್ತೀರಲ್ಲ’ ಎಂಬ ಧೋರಣೆ ಬೇಡ. ನಿಮ್ಮ ಪಾತ್ರೆ ಹಸಿಯಿದ್ದು ಸಿಡಿದರೆ ಪಕ್ಕದಲ್ಲಿರುವ ಅವರ ಮಡಕೆಗಳೂ ಒಡೆಯುತ್ತವೆ, ಆದ್ದರಿಂದ ಪೂರ್ತಿ ಒಣಗಿದ್ದನ್ನು ಮಾತ್ರ ಒಯ್ಯಿರಿ. ಇನ್ನೂ ಸುಡದ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡಿಯೇ ಅವರು ಇದು ನಿಲ್ಲುತ್ತದೆ, ಇದು ನಿಲ್ಲುವುದಿಲ್ಲ ಎನ್ನುತ್ತಾರೆ. ಅಲ್ಲಿ ಒಂದು ದಿನ ಕುಳಿತು ಕಲಿಯುವುದು ವಿಡಿಯೊಗಳಲ್ಲಿ ಸಿಗುವುದಿಲ್ಲ.

ನಿಮ್ಮ ಕುಟುಂಬಕ್ಕೆ ಊರಿನಲ್ಲಿ ಹೊಲವೋ ಹಿತ್ತಲೋ ಇದ್ದರೆ ನೀವೇ ಸಣ್ಣದಾಗಿ ಸುಡಬಹುದು. ಹುಲ್ಲಿನ ಮೆದೆ, ಕಬ್ಬಿನ ಗದ್ದೆ, ಗುಡಿಸಲುಗಳಿಂದ ದೂರದಲ್ಲಿ, ಗಾಳಿಯಿಲ್ಲದ ದಿನ, ನೀರು ತುಂಬಿದ ಕೊಳಗಗಳನ್ನು ಪಕ್ಕದಲ್ಲಿಟ್ಟುಕೊಂಡು, ಮೊಣಕಾಲುದ್ದದ ಒಣ ಗುಂಡಿ ತೋಡಿ. ಮೊದಲು ಗುಂಡಿಯಲ್ಲಿ ಸೌದೆ ಉರಿಸಿ ನೆಲದ ತೇವ ಆರಿಸಿ, ಆ ಹೊತ್ತಿನಲ್ಲಿ ಪಾತ್ರೆಗಳನ್ನು ಕೆಂಡದ ಸುತ್ತ ದೂರದಲ್ಲಿಟ್ಟು, ಕೈ ಮುಟ್ಟಲಾಗದಷ್ಟು ಬಿಸಿಯಾಗುವವರೆಗೆ ನಿಧಾನವಾಗಿ ಹತ್ತಿರ ಸರಿಸುತ್ತಾ ಬನ್ನಿ. ಈ ಒಂದು ಗಂಟೆಯ ತಾಳ್ಮೆಯೇ ಅರ್ಧ ಮಡಕೆಗಳನ್ನು ಉಳಿಸುತ್ತದೆ. ಬಳಿಕ ತೆಂಗಿನ ಚಿಪ್ಪು, ಬೆರಣಿಯ ಹಾಸಿನ ಮೇಲೆ ಪಾತ್ರೆಗಳನ್ನು ಬೋರಲಾಗಿ ಜೋಡಿಸಿ, ಸುತ್ತಲೂ ಬೆರಣಿ ನಿಲ್ಲಿಸಿ, ಮೇಲೆ ಭತ್ತದ ಹುಲ್ಲು ಮುಚ್ಚಿ, ಅದರ ಮೇಲೆ ಒಡೆದ ಮಡಕೆಯ ಬೋಕಿಗಳನ್ನು ಹರಡಿ ಬೆಂಕಿ ಕೊಡಿ. ಅಕ್ಕಿ ಗಿರಣಿಯ ಹೊಟ್ಟು ಸಿಕ್ಕರೆ ಸಂದುಗಳಿಗೆ ತುಂಬಿ. ಅದು ಮೆಲ್ಲಗೆ ಉರಿಯುತ್ತದೆ, ಅದರ ಬೂದಿ ಕುಸಿಯದೆ ನಿಂತು ಶಾಖವನ್ನು ಹಿಡಿದಿಡುತ್ತದೆ. ಒಣ ಕಬ್ಬಿನ ತರಗು ಭುಗಿಲೆಂದು ಉರಿದು ಮುಗಿಯುವುದರಿಂದ ಹೊತ್ತಿಸಲು ಬಳಸಿ, ಸುಡಲು ಬೇಡ. ಬೆಂಕಿ ಆರಿದ ಕೂಡಲೇ ಕೆದಕಬೇಡಿ, ಮರುದಿನ ಬೆಳಿಗ್ಗೆ ಬೂದಿ ತಣ್ಣಗಾದ ಮೇಲೆಯೇ ತೆಗೆಯಿರಿ. ಅಲ್ಲಲ್ಲಿ ಕಪ್ಪು ಮಚ್ಚೆ ಬಂದರೆ ಅದು ದೋಷವಲ್ಲ. ಗಾಳಿ ಆಡಿದ ಕಡೆ ಮಣ್ಣಿನ ಕಬ್ಬಿಣ ಕೆಂಪಾಗಿದೆ, ಹೊಗೆ ಕವಿದ ಕಡೆ ಕಪ್ಪಾಗಿದೆ. ಇಡೀ ಪಾತ್ರೆ ಕಪ್ಪಾಗಬೇಕೆಂದರೆ ಕಡೆಯ ಹಂತದಲ್ಲಿ ಗಾಳಿಯಾಡದಂತೆ ಹೊಟ್ಟು, ಬೂದಿ, ಮಣ್ಣಿನಿಂದ ಮುಚ್ಚಿಬಿಡುತ್ತಾರೆ.

ಮಡಕೆ ಸುಡುವ ವಿದ್ಯುತ್ ಗೂಡು ಮತ್ತು ಗ್ಲೇಜಿನ (ಸುಟ್ಟಾಗ ಕರಗಿ ಪಾತ್ರೆಯ ಮೈಗೆ ಗಾಜಿನಂತಹ ಹೊದಿಕೆಯಾಗುವ ಲೇಪ) ವಿಷಯವನ್ನು ನೀವು ಕೇಳಿಲ್ಲವಾದರೂ ಮುಂದೆ ಆಸೆ ಬಂದೀತು. ಅಂಗಡಿಯಲ್ಲಿ ಸಿಗುವ ಸ್ಟೋನ್‌ವೇರ್ ಮಣ್ಣು, ಗ್ಲೇಜುಗಳು 1,200 ಡಿಗ್ರಿಗೂ ಮೇಲೆ ಬೇಯುವಂಥವು, ನಮ್ಮ ಕೆರೆಯ ಮಣ್ಣು ಆ ಶಾಖಕ್ಕೆ ಉಬ್ಬಿ ಕರಗಿ ಗೂಡಿನ ಹಲಗೆಗೆ ಅಂಟಿಬಿಡುತ್ತದೆ. ಕಡಿಮೆ ಶಾಖದಲ್ಲಿ ಕರಗುವ ಹಳೆಯ ಬಗೆಯ ಗ್ಲೇಜುಗಳಲ್ಲಿ ಸೀಸ ಇರುತ್ತಿತ್ತು. ಏನಿದೆ ಎಂದು ಗೊತ್ತಿಲ್ಲದ ಗ್ಲೇಜನ್ನು ಊಟದ ಪಾತ್ರೆಗೆ ಹಚ್ಚಬೇಡಿ, ಹುಣಿಸೆ, ಮೊಸರಿನಂತಹ ಹುಳಿ ಸೀಸವನ್ನು ಹೊರಗೆಳೆಯುತ್ತದೆ.

ಮನೆಯಲ್ಲಿ ಮಕ್ಕಳಿದ್ದರೆ ದೂಳಿನ ಬಗ್ಗೆಯೂ ಜಾಗ್ರತೆ ಬೇಕು. ಒಣ ಮಣ್ಣಿನ ದೂಳಿನಲ್ಲಿರುವ ಸಿಲಿಕಾ ವರ್ಷಗಟ್ಟಲೆ ಉಸಿರಿಗೆ ಹೋದರೆ ಶ್ವಾಸಕೋಶ ಕೆಡುತ್ತದೆ. ಇಟ್ಟಿಗೆ ಕುಟ್ಟುವಾಗ ಮಾಸ್ಕ್ ಧರಿಸಿ, ಕೆಲಸದ ಜಾಗವನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ತೊಳೆದ ನೀರನ್ನು ಬಕೆಟ್ಟಿನಲ್ಲಿ ತಿಳಿಯಾಗಲು ಬಿಟ್ಟು ಗಿಡಗಳಿಗೆ ಸುರಿಯಿರಿ, ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ.

ಇನ್ನು ಮೊಸರು. ಗ್ಲೇಜಿಲ್ಲದ, ಬಣ್ಣ ಬಳಿಯದ, ಚೆನ್ನಾಗಿ ಬೆಂದ ಕುಡಿಕೆಯಲ್ಲಿ ಧಾರಾಳವಾಗಿ ಹೆಪ್ಪು ಹಾಕಬಹುದು. ಗೋಡೆ ನೀರಿನಂಶವನ್ನು ಹೀರುವುದರಿಂದ ಮೊಸರು ಗಟ್ಟಿಯಾಗಿಯೇ ಬರುತ್ತದೆ. ಕುಡಿಕೆ ಬೆಂದಿದೆಯೇ ಎಂಬುದಕ್ಕೆ ಎರಡು ಪರೀಕ್ಷೆ ಮಾಡಿ: ತಟ್ಟಿದರೆ ಕಣ್ ಎನ್ನಬೇಕು, ಮತ್ತು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ತಳವನ್ನು ಉಗುರಿನಿಂದ ಕೆರೆದರೆ ಕೆಸರು ಬರಬಾರದು. ಬಳಸುವ ಮುನ್ನ ಒಂದೆರಡು ದಿನ ನೀರು ಬದಲಿಸುತ್ತಾ ನೆನೆಸಿ, ಆಮೇಲೆ ಅಕ್ಕಿ ಬಸಿದ ಗಂಜಿ ತುಂಬಿ ಒಂದು ದಿನ ಇಟ್ಟು ತೊಳೆದರೆ ಸಣ್ಣ ರಂಧ್ರಗಳು ಸ್ವಲ್ಪ ಕಟ್ಟಿಕೊಳ್ಳುತ್ತವೆ. ಸೋಪು ಹಾಕಿದರೆ ಅದನ್ನೂ ಗೋಡೆ ಹೀರಿಕೊಳ್ಳುತ್ತದೆ, ಬಿಸಿನೀರು ಮತ್ತು ತೆಂಗಿನ ನಾರು ಸಾಕು. ತೊಳೆದ ಮೇಲೆ ಬಿಸಿಲಿನಲ್ಲಿ ಒಣಗಿಸಿ. ಬೆಂದ ಮೇಲೆ ತಾರಸಿಯ ಬಿಸಿಲು ಕುಡಿಕೆಗೆ ಏನೂ ಮಾಡಲಾರದು. ಹುಳಿ ವಾಸನೆ ಹೋಗದಂತಾದ ದಿನ ಆ ಕುಡಿಕೆಯಲ್ಲಿ ದೊಡ್ಡಪತ್ರೆ ನೆಟ್ಟು, ಮೊಸರಿಗೆ ಹೊಸದೊಂದನ್ನು ಮಾಡಿಕೊಳ್ಳಿ.